ದುರ್ಗಕ್ಕೆ ಎರಡು ಗಂಟೆ ಸಾಲದು: ಗೆಳೆಯನಿಗೊಂದು ಪತ್ರ

ಚಿತ್ರದುರ್ಗ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಮನೆಮಂದಿಯೆಲ್ಲ ಕಾರಿನಲ್ಲಿ ಹಂಪಿಗೆ ಹೊರಟಿದ್ದೀರಿ, ದಾರಿಯಲ್ಲಿ ಹೇಗೂ ಸಿಗುತ್ತದಲ್ಲ ಎಂದು ನಮ್ಮ ದುರ್ಗಕ್ಕೆ ಎರಡು ಗಂಟೆ ಎತ್ತಿಟ್ಟಿದ್ದೀಯ. ಎರಡು ಗಂಟೆಯಲ್ಲಿ ಆಗುವುದಿಷ್ಟೇ: ಓಬವ್ವನ ಕಿಂಡಿಗೆ ಓಡುವುದು, ಒಬ್ಬೊಬ್ಬರಾಗಿ ಅದರಲ್ಲಿ ತೂರಿ ಫೋಟೊ ತೆಗೆಸಿಕೊಳ್ಳುವುದು, ಏದುಸಿರು ಬಿಡುತ್ತಾ ಇಳಿದು ಕಾರು ಹತ್ತುವುದು. ಹಾಗಾದರೆ ಬರಲೇಬೇಡ ಎಂದು ಬರೆಯುವಷ್ಟು ಸಿಟ್ಟು ಬಂದಿತ್ತು. ಈಗ ಇಳಿದಿದೆ.

ಇಲ್ಲಿ ನೀನು ನೋಡಬೇಕಾದದ್ದು ನೀರು. ನಗಬೇಡ. ನಮ್ಮದು ಮಳೆನೆರಳಿನ ಜಿಲ್ಲೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಇಂದು ಬಂತು, ನಾಳೆ ಬಂತು ಎಂದು ಕಾಯುತ್ತಾ ಒಂದು ತಲೆಮಾರೇ ಕೂದಲು ನೆರೆಸಿಕೊಂಡಿದೆ. ಇಂಥ ಕಡೆ, ಹತ್ತಿರದಲ್ಲಿ ಹೊಳೆಯಿಲ್ಲದ ಬೋಳು ಬಂಡೆಗಳ ನಡುವೆ, ಪಾಳೆಯಗಾರರು ಇನ್ನೂರು ವರ್ಷ ಆಳಿದ್ದು ಹೇಗೆ? ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ ಕೊನೆಗೆ ಕೋಟೆ ಹಿಡಿದದ್ದು 1779ರಲ್ಲಿ. ಏಳು ಸುತ್ತಿನ ಗೋಡೆ ಶತ್ರುವನ್ನು ಹೊರಗೆ ನಿಲ್ಲಿಸೀತು ಸರಿ, ಒಳಗಿದ್ದವರು, ಅವರ ಕುದುರೆ, ಆನೆ ಕುಡಿದದ್ದು ಏನನ್ನು?

ಉತ್ತರ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿದೆ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ಇಲ್ಲಿಗೆ ಇಳಿಯುತ್ತದೆ. ಇದು ತುಂಬಿದರೆ ಹೆಚ್ಚಾದ ನೀರು ಕೆಳಗಿನ ಅಕ್ಕ–ತಂಗಿ ಹೊಂಡಕ್ಕೆ ಹೋಗುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅದನ್ನೂ ದಾಟಿದ್ದು ಊರೊಳಗಿನ ಸಂತೆ ಹೊಂಡಕ್ಕೆ. ಕೋಟೆ ಬಿದ್ದಾಗ ಕೊನೆಯ ಪಾಳೆಯಗಾರ ಮದಕರಿ ನಾಯಕನ ರಾಣಿಯರಿಬ್ಬರು ಅಕ್ಕ–ತಂಗಿ ಹೊಂಡಕ್ಕೆ ಹಾರಿದರೆಂದು ಜನ ಹೇಳುತ್ತಾರೆ. ಬಂದವರು ಆ ಕಥೆ ಕೇಳಿ ಲೊಚಗುಟ್ಟಿ ಮುಂದೆ ಹೋಗುತ್ತಾರೆ. ಈ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಅಪರೂಪ. ನೀನು ಎಂಜಿನಿಯರ್, ನೀನಾದರೂ ಕೇಳು.

ಕೇಳಿದ ಮೇಲೆ ಅಲ್ಲಿನ ಬಂಡೆಯೊಂದರ ಮುಂದೆ ಬಗ್ಗಿ ನೋಡು. ಗೆರೆ ಹಿಡಿದಂತೆ ಸಾಲಾಗಿ ಕೊರೆದ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅವು. ಸೀಳಿದ ಕಡೆ ಬಂಡೆಯ ಅಂಚಿನಲ್ಲಿ ಅರ್ಧ ಗುಳಿ ಉಳಿದಿರುತ್ತದೆ. ಕೆಲವು ಕಡೆ ಗುಳಿ ಕೊರೆದು, ಯಾಕೋ ಏನೋ, ಸೀಳದೆಯೇ ಬಿಟ್ಟಿದ್ದಾರೆ. ಬೆರಳಿಟ್ಟರೆ ಉಳಿಯ ಏಟು ಈಗಲೂ ತರಿತರಿಯಾಗಿ ಸಿಗುತ್ತದೆ. ಹೀಗೆ ಸೀಳಿದ ಕಲ್ಲನ್ನೇ ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿ ಗೋಡೆ ಎಬ್ಬಿಸಿದ್ದಾರೆ. ನನಗಂತೂ ನಾಣ್ಯ ಅಚ್ಚುಹಾಕುತ್ತಿದ್ದ ಟಂಕಸಾಲೆ, ಸಿಡಿಮದ್ದು ಬೀಸುವ ಕಲ್ಲುಗಳಿಗಿಂತ ಈ ಗುಳಿಗಳ ಮುಂದೆಯೇ ಹೆಚ್ಚು ಹೊತ್ತು ಹೋಗುತ್ತದೆ.

ಓಬವ್ವನ ಕಿಂಡಿಯನ್ನು ಬಿಡು ಎಂದು ಹೇಳುತ್ತಿಲ್ಲ. ಆದರೆ ಅದರ ಪಕ್ಕದಲ್ಲೇ ಇರುವ ತಣ್ಣೀರು ದೋಣಿ ಎಂಬ ನೀರಿನ ತಾಣವನ್ನು ಮೊದಲು ನೋಡು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕುಳಿತಿದ್ದ, ಹೆಂಡತಿ ಓಬವ್ವ ಅವನಿಗೆ ಕುಡಿಯುವ ನೀರು ತರಲು ಬಂದಳು, ಬಂದದ್ದು ಇಲ್ಲಿಗೆ. ಆಗಲೇ ಬಂಡೆಯ ಸಂದಿಯಲ್ಲಿ ಶತ್ರುಗಳ ಸದ್ದು ಕೇಳಿಸಿದ್ದು, ಒನಕೆ ಕೈಗೆ ಬಂದದ್ದು. ಮಕ್ಕಳಿಗೆ ಈ ಕಥೆ ಹೇಳುವವರೆಲ್ಲ ಒನಕೆಯನ್ನು ಜೋರಾಗಿ ಬೀಸುತ್ತಾರೆ, ಕೊಡವನ್ನು ಮರೆತುಬಿಡುತ್ತಾರೆ.

ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು ಎಂದು ಬರೆದಿದ್ದೀಯ. ಅವರನ್ನು ಚಂದ್ರವಳ್ಳಿಗೆ ಕರೆದೊಯ್ಯೋಣ. ಬೆಟ್ಟಗಳ ನಡುವೆ ಕೆರೆಯಿದೆ, ನೆರಳಿದೆ, ಕೂರಲು ಜಾಗವಿದೆ. ಅವರು ಕೂತಿರುವಾಗ ಭೈರವೇಶ್ವರ ಗುಡಿಯ ಹತ್ತಿರ ನಿನಗೊಂದು ಬಂಡೆ ತೋರಿಸುತ್ತೇನೆ. ಅದರ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, 4ನೆಯ ಶತಮಾನ. ಅದರಲ್ಲಿ ಹೇಳಿರುವುದು ಏನೆಂದುಕೊಂಡೆ? ಕೆರೆ ಕಟ್ಟಿಸಿದ ಸಂಗತಿ! ಇದೇ ಕಣಿವೆಯಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಇಲ್ಲಿ ಉತ್ಖನನ ನಡೆಸಿದ್ದರು. ಅಲ್ಲೇ ಇರುವ ಅಂಕಲಿಮಠದ ಗುಹೆಗಳು ಕತ್ತಲೆ. ಮಕ್ಕಳಿಗೆ ಖುಷಿಯಾಗುತ್ತದೆ, ಟಾರ್ಚ್ ತಾ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ. ಹೊಂಡಗಳಲ್ಲಿ ನೀರಿರುತ್ತದೆ, ಬಂಡೆ ಸಂದುಗಳಲ್ಲಿ ಹುಲ್ಲು ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಈ ಕಲ್ಲು ಕಾದರೆ ಕೋಟೆಯ ಮೇಲೆ ಕೂರುವುದಿರಲಿ, ನಿಲ್ಲುವುದೂ ಕಷ್ಟ. ಒಳ್ಳೆಯ ಮಳೆಯಾದ ವರ್ಷವಾದರೆ ಬರುವಾಗ ಹಿರಿಯೂರಿನಲ್ಲಿ ತಿರುಗಿ ಮಾರಿಕಣಿವೆಯನ್ನೂ ನೋಡಿಕೊಂಡು ಬನ್ನಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಆಗ ಜಿಲ್ಲೆಯ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿದರು. ಹೊರಗಿನವರಿಗೆ ಇದೇನು ದೊಡ್ಡ ವಿಷಯ ಎನ್ನಿಸಬಹುದು. ಎನ್ನಿಸಲಿ.

ಇನ್ನು ಸಣ್ಣಪುಟ್ಟ ಮಾತು. ಬೆಳಗ್ಗೆ ಬೇಗ ಕೋಟೆ ಹತ್ತೋಣ, ಜಾರದ ಚಪ್ಪಲಿ ಇರಲಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿಯಬೇಡಿ, ಮಂಗಗಳಿಗೆ ನಾಚಿಕೆಯೆಂಬುದಿಲ್ಲ. ಬೆಣ್ಣೆ ದೋಸೆಗೆ ದಾವಣಗೆರೆಗೇ ಹೋಗಬೇಕೆಂದು ನಿನ್ನ ಮಗ ಹಟ ಹಿಡಿದರೆ ಅದು ಹಂಪಿಯ ದಾರಿಯಲ್ಲಿಲ್ಲ, ಸುಮಾರು 60 ಕಿಲೋಮೀಟರ್ ಬೇರೆ ದಿಕ್ಕು ಎಂದು ಈಗಲೇ ತಿಳಿಸಿಬಿಡು. ರಾತ್ರಿ ನಮ್ಮ ಮನೆಯಲ್ಲೇ ಉಳಿಯಬೇಕು. ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ ಎಂದು ಇವಳು ಆಗಲೇ ತೀರ್ಮಾನಿಸಿದ್ದಾಳೆ. ಹಂಪಿ ಮರುದಿನಕ್ಕೆ. ಎಷ್ಟು ಜನ, ಯಾವ ದಿನ ಎಂಬುದನ್ನು ಮೊದಲೇ ತಿಳಿಸು, ನಾನೂ ರಜೆ ಹಾಕಬೇಕಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ