ಸೋಗೆ ಕೊಟ್ಟವರಿಗೆ, ಮಾಡು ಹೊದೆಸಿದವರಿಗೆ

ಅಡಿಕೆ ಮರದ ಒಣಗರಿ, ಅಂದರೆ ಸೋಗೆ, ಹೊದೆಸಿದ ನಮ್ಮ ಮನೆಗೆ ಮತ್ತೆ ಮಾಡು ಬಂದಿದೆ. ಆರಿದ್ರಾ ಮಳೆ ನಾಲ್ಕು ದಿನ ಬಿಡದೆ ಹೊಯ್ದರೂ ಜಗುಲಿಗೆ ಒಂದು ಹನಿ ಬೀಳಲಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಬರೆಯಬೇಕೆಂದು ಕಾದಿದ್ದೆ.

ಉತ್ತರ ಕನ್ನಡದ ಸಿದ್ದಾಪುರ ಸೀಮೆಯವರಿಗೆ 1932ರ ಕರನಿರಾಕರಣೆಯ ಕತೆಯನ್ನು ಹೊಸದಾಗಿ ಹೇಳಬೇಕಿಲ್ಲ. ಕಂದಾಯ ಕಟ್ಟುವುದಿಲ್ಲ ಎಂದವರ ಜಮೀನು, ದನ, ಪಾತ್ರೆಗಳೆಲ್ಲ ಜಪ್ತಿಯಾದವು. ನಮ್ಮ ಮುತ್ತಜ್ಜನ ಅಡಿಕೆ ತೋಟವೂ ಹೋಯಿತು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದು, ಆಮೇಲೆ ತೋಟ ಕೈಗೆ ಮರಳುವವರೆಗೆ ಸಂಸಾರ ಬದುಕಿದ್ದು ಈ ಮನೆಯಲ್ಲಿ. ತೋಟವಿಲ್ಲದವರಿಗೆ ಸೋಗೆ ಎಲ್ಲಿಂದ? ಅಷ್ಟೂ ವರ್ಷ ಕೇರಿಯವರೇ ಹೊತ್ತು ತಂದು ಹೊದೆಸಿದರೆಂದು ಅಜ್ಜಿ ಹೇಳುತ್ತಿದ್ದಳು.

ಅಜ್ಜಿ ಹೋದ ಮೇಲೆ ಒಲೆ ಆರಿತು. ಹೊಗೆ ಕಾಣದ ಸೋಗೆಗೆ ಹುಳ ಹತ್ತುತ್ತದೆ, ಬೇಗ ಕೊಳೆಯುತ್ತದೆ. ಹೋದ ಆಷಾಢದಲ್ಲಿ ಪಡುವಣ ಮಾಡು ಕುಸಿದಾಗ ತಗಡು ಹಾಕಿಸೋಣವೆಂದವನು ನಾನು, ಬೇಡವೆಂದವರು ನೀವು. "ನಮ್ಮ ತೋಟದ ಸೋಗೆ ನಿನಗೇ ಇಡುತ್ತೇನೆ" ಎಂದು ಮೊದಲು ಹೇಳಿದವಳು ಕೆಳಗಿನ ಮನೆ ಅತ್ತೆ. ಬೇಸಿಗೆ ಬರುವಷ್ಟರಲ್ಲಿ ಹದಿನಾರು ಮನೆಗಳ ಸೋಗೆ ನಮ್ಮ ಅಂಗಳದಲ್ಲಿ ಒಣಗುತ್ತಿತ್ತು.

ಎಂಬತ್ತು ದಾಟಿದ ಅಜ್ಜನಿಗೆ ಹೇಗೆ ಕೃತಜ್ಞತೆ ಹೇಳಲಿ? ಸೂರಿನಿಂದ ಮೇಲಕ್ಕೆ, ಕೆಳಗಿನ ಸಾಲನ್ನು ಮೇಲಿನದು ಮುಚ್ಚುವಂತೆ ಹೊದೆಸುತ್ತ ಹೋದ ಹುಡುಗರಿಗೆ ಅವರು ಅಂಗಳದಿಂದಲೇ ಹೇಳಿಕೊಟ್ಟರು. ಸೋಗೆ ಹಿಡಿದಿಡುವ ಸೀಳುಪಟ್ಟಿಗೆ, ಅಂದರೆ ದಬ್ಬೆಗೆ, ನೆನೆಸಿದ ಬಳ್ಳಿಯನ್ನೇ ಬಿಗಿಸಿದರು. ಸಂಜೆ ಕೈಹಿಡಿಸಿಕೊಂಡು ಅಟ್ಟ ಹತ್ತಿ, ಕಿಟಕಿ ಮುಚ್ಚಿಸಿ, ಕತ್ತಲಲ್ಲಿ ತಲೆಯೆತ್ತಿ ನಿಂತರು. ಎರಡು ಕಡೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಮರುದಿನ ಆ ಸಾಲುಗಳನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ ಮೇಲೆಯೇ ಮಾವಿನಕಾಯಿಯ ಅಪ್ಪೆಹುಳಿಯ ಲೋಟ ಮುಟ್ಟಿದರು.

ಎರಡು ದಿನವೂ ಅನ್ನ ಬೇಯಿಸಿ ಬಡಿಸಿದ ಅಕ್ಕಂದಿರಿಗೆ, ಟ್ರ್ಯಾಕ್ಟರಿನಲ್ಲಿ ಬಿದಿರು ತಂದ ಗೆಳೆಯನಿಗೆ, ಸೋಗೆ ಎತ್ತಿಕೊಟ್ಟು ಕೈ ಗೀರಿಸಿಕೊಂಡ ಶಾಲೆಯ ಮಕ್ಕಳಿಗೆ ನಾನು ಋಣಿ. ದಿನವೂ ಬೆಳಿಗ್ಗೆ ಬಂದು ಒಲೆ ಉರಿಸಿ ಹೋಗುವ ಅತ್ತೆಗೆ ಇನ್ನೂ ಹೆಚ್ಚು. ಈಗ ಮಾಡಿನ ಸಂದಿಯಿಂದ ಹೊಗೆ ಏಳುವುದು ರಸ್ತೆಗೂ ಕಾಣುತ್ತದೆ.

ಸೋಗೆಯ ಆಯುಸ್ಸು ಒಂದೇ ವರ್ಷ, ಮುಂದಿನ ಬೇಸಿಗೆಗೆ ಮತ್ತೆ ಕರೆಯುತ್ತೇನೆ. ಅದಕ್ಕೂ ಮೊದಲು ಹದಿನಾರು ಮನೆಗಳ ಮುಯ್ಯಾಳು, ಅಂದರೆ ಆಳಿಗೆ ಆಳಾಗಿ ದುಡಿದು ತೀರಿಸುವ ಋಣ, ನನ್ನ ಮೇಲಿದೆ. ಅಡಿಕೆ ಕೊಯ್ಲು ಶುರುವಾದಾಗ ಒಂದು ದಿನ ಮುಂಚೆ ತಿಳಿಸಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ನಾನೇ ತರುತ್ತೇನೆ.