ಕ್ಲಬ್‌ಹೌಸ್ ಆಮೇಲೆ, ಮೊದಲು ಎಸ್‌ಟಿಪಿ ನೋಡಿ

ಮಾನ್ಯ ಸಂಪಾದಕರೇ,

ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆ ಕಡೆಯ ಟೌನ್‌ಶಿಪ್‌ಗಳ ಜಾಹೀರಾತಿನಲ್ಲಿ ಈಜುಕೊಳ ಇರುತ್ತದೆ, ಕ್ಲಬ್‌ಹೌಸ್ ಇರುತ್ತದೆ. ನೆಲಮಾಳಿಗೆಯ ಮೂಲೆಯಲ್ಲಿರುವ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ ಮಾತ್ರ ಕಾಣುವುದಿಲ್ಲ. ಮನೆ ಕೊಳ್ಳುವವರು ಮೊದಲು ಇಳಿದು ನೋಡಬೇಕಾದ್ದು ಅದನ್ನೇ.

ಲೆಕ್ಕ ಸುಲಭ. ಸಾವಿರ ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 5.4 ಲಕ್ಷ ಲೀಟರ್ ನೀರು ಬೇಕು. ಅದರಲ್ಲಿ ಶೇ 80ರಷ್ಟು, ಸುಮಾರು 4.3 ಲಕ್ಷ ಲೀಟರ್, ಕೊಳಚೆಯಾಗಿ ಘಟಕಕ್ಕೆ ಬರುತ್ತದೆ. ಶುದ್ಧಿಯಾದ ಮೇಲೆ ಫ್ಲಶ್‌ಗೆ ತಲೆಗೆ 45 ಲೀಟರಿನಂತೆ 1.8 ಲಕ್ಷ ಲೀಟರ್ ಹೋಗುತ್ತದೆ. ಬೇಸಿಗೆಯಲ್ಲಿ ಉಳಿದದ್ದರಲ್ಲಿ ಒಂದಷ್ಟನ್ನು ತೋಟ ಕುಡಿಯುತ್ತದೆ. ಮಳೆಗಾಲದಲ್ಲಿ ತೋಟಕ್ಕೂ ಬೇಡ. ಆಗ ಮಿಕ್ಕುವ 2.5 ಲಕ್ಷ ಲೀಟರ್ ಎಂದರೆ 12 ಸಾವಿರ ಲೀಟರಿನ ಸುಮಾರು 21 ಟ್ಯಾಂಕರ್, ಅದೂ ಪ್ರತಿದಿನ. ಒಂದು ಹನಿಯೂ ಆವರಣ ದಾಟಬಾರದು ಎಂದು ಕಾಗದದಲ್ಲಿ ಬರೆದುಕೊಟ್ಟರೆ ಈ ನೀರು ಆವಿಯಾಗುವುದಿಲ್ಲ. ರಾತ್ರಿ ಹೊತ್ತು ರಾಜಕಾಲುವೆ ಸೇರುತ್ತದೆ, ಅಲ್ಲಿಂದ ಕೆರೆಗೆ.

ಘಟಕ ಕೆಡುವುದು ಹೆಚ್ಚಾಗಿ ಯಂತ್ರದ ದೋಷದಿಂದಲ್ಲ. ಗಾಳಿ ತೊಟ್ಟಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ಕರಗಿದ ಆಮ್ಲಜನಕ ಬೇಕು. ಅದನ್ನು ಕೊಡುವುದು ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್. ಘಟಕದಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನುವುದೂ ಅದೇ. ಬಿಲ್ ಇಳಿಸಲು ರಾತ್ರಿ ಅದನ್ನು ಆರಿಸುತ್ತಾರೆ. ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಮಹಡಿಯವರೆಗೂ. ಇನ್ನೊಂದು ತೊಂದರೆ ಮೊದಲ ವರ್ಷಗಳದ್ದು. ಸಾವಿರ ಮನೆಗೆ ಕಟ್ಟಿದ ಘಟಕಕ್ಕೆ ನೂರು ಸಂಸಾರದ ಕೊಳಚೆ ಬಂದರೆ ಬ್ಯಾಕ್ಟೀರಿಯಾ ಹೊಟ್ಟೆಗಿಲ್ಲದೆ ಸಾಯುತ್ತವೆ. ಅದಕ್ಕೇ ಘಟಕವನ್ನು ಎರಡು ಭಾಗವಾಗಿ ಕಟ್ಟಿ, ಮನೆಗಳು ತುಂಬುವ ತನಕ ಒಂದನ್ನೇ ನಡೆಸಬೇಕು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಮ್ಮೆಲೇ ನುಗ್ಗುವ ನೀರನ್ನು ಹಿಡಿದಿಟ್ಟು ದಿನವಿಡೀ ಸಮನಾಗಿ ಬಿಡುವ ತೊಟ್ಟಿ ಚಿಕ್ಕದಾದರೂ ಕಷ್ಟವೇ: ಆ ರಭಸಕ್ಕೆ ಬ್ಯಾಕ್ಟೀರಿಯಾ ತುಂಬಿದ, ಸಾಕಿದ ಕೆಸರೆಲ್ಲ ಕೊಚ್ಚಿ ಹೋಗುತ್ತದೆ.

ಘಟಕದ ಆರೋಗ್ಯ ತಿಳಿಯಲು ಒಂದು ಲೀಟರಿನ ಅಳತೆ ಜಾಡಿ ಸಾಕು. ಗಾಳಿ ತೊಟ್ಟಿಯ ನೀರನ್ನು ತುಂಬಿ 30 ನಿಮಿಷ ಅಲುಗಿಸದೆ ಇಡಿ. ಚಾಕೊಲೇಟ್ ಬಣ್ಣದ ಕೆಸರು 250ರಿಂದ 400 ಮಿ.ಲೀ. ಗೆರೆಯ ನಡುವೆ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಘಟಕ ಚೆನ್ನಾಗಿದೆ. ಕಪ್ಪಗಿದ್ದು ನಾರಿದರೆ ಗಾಳಿ ಸಾಲದು. 800ರ ಗೆರೆಯಲ್ಲೇ ತೇಲುತ್ತಿದ್ದರೆ ಕೆಸರು ಉಬ್ಬಿದೆ, ಇಲ್ಲವೇ ಹೊರಗೆ ತೆಗೆದಿಲ್ಲ. ಈ ಅಳತೆಯನ್ನು ಪ್ರತಿದಿನ ನೋಟಿಸ್ ಬೋರ್ಡಿಗೆ ಹಾಕುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮನುಷ್ಯರ ಜೀವದ ಮಾತೂ ಇದೆ. ಅದೇ ಕೊಳೆತ ಮೊಟ್ಟೆಯ ಅನಿಲ ಮುಚ್ಚಿದ ತೊಟ್ಟಿಯಲ್ಲಿ ದಟ್ಟವಾದಾಗ ಮೂಗಿಗೆ ವಾಸನೆಯೇ ಗೊತ್ತಾಗದು. ಒಳಗಿಳಿದವನು ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಕೊಳಚೆ ತೊಟ್ಟಿಗೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಇಳಿಸುವಂತಿಲ್ಲ ಎಂದು 2013ರ ಕಾನೂನು ಹೇಳುತ್ತದೆ. ಶುಚಿ ಮಾಡಬೇಕಾದ್ದು ಸಕ್ಕಿಂಗ್ ಯಂತ್ರ. ಮನೆಯಿಂದ ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್ ಫ್ಲಶ್‌ಗೆ ಹಾಕದಿದ್ದರೆ ಪಂಪು ಕಟ್ಟುವುದೂ ಕಡಿಮೆಯಾಗುತ್ತದೆ.

2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ, ಸರಿಯಾಗಿ ನಡೆಯುವ ಘಟಕಗಳ ನೀರಿನ ಬೆಲೆ ಎಲ್ಲರಿಗೂ ತಿಳಿಯಿತು. ಬಿಲ್ಡರ್‌ನಿಂದ ಘಟಕವನ್ನು ವಹಿಸಿಕೊಳ್ಳುವ ಮುಂಚೆ ನಿವಾಸಿಗಳ ಸಂಘಗಳು ಮೂರು ತಿಂಗಳ ಪರೀಕ್ಷಾ ವರದಿ, ಬ್ಲೋವರ್‌ನ ಪ್ರತ್ಯೇಕ ಮೀಟರ್ ಮತ್ತು ಎರಡನೇ ಬ್ಲೋವರ್ ಕೇಳಲಿ. ಹೆಚ್ಚುವರಿ ನೀರನ್ನು ಪಕ್ಕದ ಕಟ್ಟಡ ಕಾಮಗಾರಿಗೆ, ಉದ್ಯಾನಕ್ಕೆ ಒಯ್ಯುವ ಪೈಪ್ ಜಾಲವನ್ನು ಸರ್ಕಾರ ರಸ್ತೆ ಅಗೆಯುವಾಗಲೇ ಹಾಕಲಿ.

— ಶುದ್ಧೀಕರಣ ಘಟಕಗಳ ನಿರ್ವಹಣೆಯಲ್ಲಿರುವವರು, ಬೆಂಗಳೂರು