ಹಕ್ಕಿ ಚಿತ್ರದ ಅಂಚಿಗೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೈಯಲ್ಲಿ ಬಣ್ಣ ಹಚ್ಚಿದ ಹಳೇ ಹಕ್ಕಿ ಚಿತ್ರಗಳ ಹರಾಜಿನ ಬಗ್ಗೆ ಬರೆದಿದ್ದೀರಿ. ಓದಿ ಖುಷಿಯಾಯಿತು. ಆದರೆ ಫೋಟೋದಲ್ಲಿ ಹಕ್ಕಿ ಮಾತ್ರ ಇತ್ತು, ಹಾಳೆಯ ಅಂಚೇ ಇರಲಿಲ್ಲ. ಕೆಳಗೆ 'ಜಾನ್ ಗೂಲ್ಡ್ ಬಿಡಿಸಿದ ಚಿತ್ರ' ಅಂತ ಬೇರೆ ಹಾಕಿದ್ದೀರಿ (ಗೂಲ್ಡ್ ಅಂದರೆ 19ನೇ ಶತಮಾನದ ಇಂಗ್ಲೆಂಡಿನ ಪಕ್ಷಿತಜ್ಞರು). ಎರಡೂ ಸರಿಯಲ್ಲ.

ಮೂರು ವರ್ಷದ ಹಿಂದೆ ಮುಂಬೈಯ ಒಂದು ಹರಾಜಿನಲ್ಲಿ ಗೂಲ್ಡ್ ಅವರ ಹಿಮಾಲಯದ ಹಕ್ಕಿಗಳ ಪುಸ್ತಕದ ಹಾಳೆಯೊಂದು ಬಂದಿತ್ತು. ಫ್ರೇಮಿನಲ್ಲಿತ್ತು, ಹಾಳೆಯ ಅಂಚನ್ನು ಸುತ್ತಲೂ ಮೌಂಟ್ ಬೋರ್ಡ್ ಅನ್ನುವ ರಟ್ಟು ಮುಚ್ಚಿತ್ತು. ಬಿಚ್ಚಿ ತೋರಿಸಿ ಅಂದೆ, ಆಗಲ್ಲ ಅಂದರು. ಆಸೆಗೆ ಬಿದ್ದು ಸವಾಲು ಕೂಗಿಬಿಟ್ಟೆ. ಕೂಗಿದ ಬೆಲೆಯ ಮೇಲೆ ಅವರ ಕಮಿಷನ್, ಅದರ ಮೇಲೆ ಜಿಎಸ್‌ಟಿ, ಎಲ್ಲ ಕಟ್ಟಿ ಮಾಟುಂಗಾದ ಮನೆಗೆ ತಂದು ಬಿಚ್ಚಿದರೆ, ಯಾರೋ ಫ್ರೇಮಿನ ಅಳತೆಗೆ ನಾಲ್ಕೂ ಕಡೆ ಕತ್ತರಿ ಹಾಕಿದ್ದಾರೆ! ಕೆಳಗಿನ ಸಣ್ಣ ಅಕ್ಷರದ ಸಾಲೇ ಹೋಗಿತ್ತು.

ಆ ಸಾಲಿನಲ್ಲೇ ಎಲ್ಲ ಇರುತ್ತದೆ. ಇವು ಕಲ್ಲಚ್ಚಿನ ಚಿತ್ರಗಳು, ಅಂದರೆ ನಯವಾದ ಕಲ್ಲಿನ ಮೇಲೆ ಬಿಡಿಸಿ ಅದರಿಂದ ಕಾಗದಕ್ಕೆ ಅಚ್ಚು ಹಾಕಿದವು. ಚಿತ್ರ ಬರೆದು ಕಲ್ಲಿಗೆ ಇಳಿಸಿದವರು ಇ. ಗೂಲ್ಡ್, ಅಚ್ಚು ಹಾಕಿದವರು ಹಲ್‌ಮಂಡೆಲ್ ಅಂತ. 'ಇ' ಅಂದರೆ ಎಲಿಜಬೆತ್, ಜಾನ್ ಅವರ ಹೆಂಡತಿ. 1830ರ ದಶಕದ ಶುರುವಿನಲ್ಲಿ ಲಂಡನ್ನಿನಲ್ಲಿ ಬಂದ ಆ ಪುಸ್ತಕದಲ್ಲಿ 80 ಹಾಳೆಗಳಲ್ಲಿ ಸುಮಾರು ನೂರು ಹಕ್ಕಿಗಳಿವೆ. ಗಂಡ ಒರಟಾಗಿ ಗೀಚಿ ಕೊಟ್ಟದ್ದನ್ನು ಕಲ್ಲಿನ ಮೇಲೆ ಗರಿ ಗರಿಯಾಗಿ ಬಿಡಿಸಿದ್ದು ಆಕೆ. 1841ರಲ್ಲಿ, ಎಂಟನೇ ಹೆರಿಗೆ ಆದ ಮೇಲೆ, 37ಕ್ಕೇ ತೀರಿಕೊಂಡರು. ಹಿಮಾಲಯದ ಒಂದು ಸೂರಕ್ಕಿಗೆ ಆಕೆಯ ಹೆಸರಿದೆ. ಅಂಚು ಕತ್ತರಿಸಿದರೆ ಹಾಳೆಯ ಮೇಲೆ ಆಕೆಯ ಗುರುತೇ ಉಳಿಯುವುದಿಲ್ಲ, ಅಲ್ವಾ?

ತಾಮ್ರದ ತಗಡಿನಿಂದ ಅಚ್ಚಾದ ಚಿತ್ರಗಳಿಗೂ ಅಂಚು ಬೇಕು. ಇನ್ನೊಬ್ಬ ಹಕ್ಕಿ ಚಿತ್ರಕಾರ ಆಡುಬಾನ್ ಅವರ ಅಮೆರಿಕದ ಹಕ್ಕಿಗಳ 435 ಹಾಳೆಗಳು (1827–38) ಅಂಥವು, ತಗಡು ಒತ್ತಿದ ತಗ್ಗು ಗೆರೆ ಅಂಚಿನಲ್ಲಿ ಕೈಗೆ ಸಿಗುತ್ತದೆ. ಕಲ್ಲಚ್ಚಿನಲ್ಲಿ ಅದಿರುವುದಿಲ್ಲ. ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿ. ಕೈಯಲ್ಲಿ ಹಚ್ಚಿದ್ದಾದರೆ ಕುಂಚ ಅಲ್ಲಲ್ಲಿ ಗೆರೆ ದಾಟಿರುತ್ತದೆ, ಕುಂಚ ಎಳೆದ ಕೊನೆಯಲ್ಲಿ ಬಣ್ಣ ಸ್ವಲ್ಪ ಜಾಸ್ತಿ ನಿಂತಿರುತ್ತದೆ. ಸಾಲು ಸಾಲು ಚುಕ್ಕೆ ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಈಚಿನ ಆಫ್‌ಸೆಟ್ ಪ್ರತಿ. ಎಷ್ಟೇ ಚೆಂದ ಇದ್ದರೂ ಆ ಬೆಲೆ ಕೊಡಬೇಡಿ.

ಹರಾಜಿನವರು ಹಾಳೆ ಪೂರ್ತಿ, ಹಿಂದೆ ಮುಂದೆ, ಫ್ರೇಮ್ ಬಿಚ್ಚಿ ತೋರಿಸಬೇಕು. ಲಕ್ಷಗಟ್ಟಲೆ ವ್ಯವಹಾರ ಮಾಡುವವರಿಗೆ ಅದೇನು ದೊಡ್ಡ ಕೆಲಸವಲ್ಲ. ಮನೆಯಲ್ಲಿ ಇಂಥದ್ದು ಇರುವವರು ದೊಡ್ಡ ಫ್ರೇಮ್ ಹಾಕಿಸಿ, ಗೋಂದು ಹಚ್ಚಿಸಬೇಡಿ, ಹೊರಗಿನ ಗೋಡೆಗೆ ತೂಗುಹಾಕಬೇಡಿ. ನಮ್ಮ ಮುಂಬೈ ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳಲು ಒಂದೇ ವರ್ಷ ಸಾಕು.

ನೀವೂ ಮುಂದಿನ ಸಲ ದಯವಿಟ್ಟು ಅಂಚು ಸಮೇತ ಫೋಟೋ ಹಾಕಿ, ಎಲಿಜಬೆತ್ ಹೆಸರನ್ನೂ ಹಾಕಿ.

– ಒಬ್ಬ ಓದುಗ, ಮಾಟುಂಗಾ, ಮುಂಬೈ